ಮೂರನೇ ಎಡಿಷನ್ನೇ ಬೇಕು

ಗೆದ್ದಲಿಗೆ ತಿನ್ನಲು ಬೇರೇನೂ ಸಿಗಲಿಲ್ಲವೇ? ಗೋದಾಮಿನಲ್ಲಿ ಹಳೇ ಪೇಪರಿನ ಕಟ್ಟುಗಳಿದ್ದವು, ನಮ್ಮ ಯಜಮಾನರು ಎಸೆಯಲು ಬಿಡದ ತೂತು ಗೋಣಿಚೀಲಗಳಿದ್ದವು. ಅವನ್ನೆಲ್ಲ ಬಿಟ್ಟು ನಮ್ಮ ಯುದ್ಧದ ರೂಲ್‌ಬುಕ್ಕನ್ನೇ ತಿಂದು ಮುಗಿಸಿದ್ದವು. ಎತ್ತಿದರೆ ರಟ್ಟು ಮಾತ್ರ ಕೈಗೆ ಬಂತು, ಒಳಗೆಲ್ಲ ಮಣ್ಣು.

ಯುದ್ಧ ಎಂದರೆ ಹೆದರಬೇಡಿ. ಗೋಣಿಬೀಡಿನ ನಮ್ಮ ತೋಟದ ಗೋದಾಮಿನಲ್ಲಿ, ಕಾಫಿಬೀಜ ಆರಿಸುವ ದೊಡ್ಡ ಮೇಜಿನ ಮೇಲೆ ಬೆರಳುದ್ದದ ಸೀಸದ ಸೈನಿಕರನ್ನು ನಿಲ್ಲಿಸಿ ಆಡುವ ಆಟ ಅದು. ಎಷ್ಟು ದೂರ ನಡೆಯಬಹುದೆಂದು ಟೇಪ್ ಹಿಡಿದು ಅಳೆಯಬೇಕು, ಯಾರು ಸತ್ತರೆಂದು ದಾಳ ಹಾಕಿ ತೀರ್ಮಾನಿಸಬೇಕು. ಎಲ್ಲಕ್ಕೂ ಆ ಇಂಗ್ಲಿಷ್ ಪುಸ್ತಕದಲ್ಲಿ ನಿಯಮವಿತ್ತು. ನನಗೆ ಈ ಹುಚ್ಚು ಹಿಡಿಸಿದವನು ವಸ್ತಾರೆಯ ಪ್ಲಾಂಟರ್ ದೇವರಾಜ. ಅವನದು ಔರಂಗಜೇಬನ ಕುದುರೆ ಸೈನ್ಯ. ನನ್ನದು ಅದನ್ನು ಮಲೆನಾಡಿನ ಕಾಡಿನಲ್ಲಿ ತಡೆದ ಕೆಳದಿಯ ಸೈನ್ಯ. ಇತಿಹಾಸದಲ್ಲಿ ತಡೆದರು ಸ್ವಾಮಿ. ನಮ್ಮ ಮೇಜಿನ ಮೇಲೆ ಒಂದೇ ಒಂದು ಸಲವೂ ತಡೆದಿರಲಿಲ್ಲ. ವರ್ಷಗಟ್ಟಲೆ ಸೋತಿದ್ದೆ. ಮೂಡಿಗೆರೆಗೆ ಹೋದರೆ ಸಾಕು, "ಏನ್ ವಸಂತಕ್ಕ, ಈ ವಾರಾನೂ ಕೆಳದಿ ಹೋಯ್ತಂತೆ?" ಎಂದು ಗೊಬ್ಬರದಂಗಡಿಯವನೂ ಹಲ್ಲು ಕಿರಿಯುತ್ತಿದ್ದ. ಒಂದು ಸಲ, ಒಂದೇ ಸಲ, ಯಾರೂ ಬಾಯೆತ್ತದ ಹಾಗೆ ಗೆಲ್ಲಬೇಕು ಎಂಬುದು ನನ್ನ ಹಠ.

ಆಗ ನನ್ನ ಮೈದುನನ ಮಗಳು ರೂಪಶ್ರೀ ಕಾಫಿ ರುಚಿ ನೋಡುವ ತರಬೇತಿಗೆಂದು ಲಂಡನ್ನಿಗೆ ಹೋಗಿದ್ದಳು. ಪುಸ್ತಕ ಹುಡುಕೆಂದು ಹೇಳಿದ್ದೆ. ಅಂಗಡಿಯಿಂದ ಫೋನ್ ಮಾಡಿದಳು.

"ದೊಡ್ಡಮ್ಮ, ಇಲ್ಲಿ ಎರಡಿದೆ. ಒಂದು ನಿಮ್ದೇ ಮೂರನೇ ಎಡಿಷನ್, ಯಾರೋ ಆಡಿ ಬಿಟ್ಟಿದ್ದು, ಮೂಲೆ ಎಲ್ಲ ಮುದುರಿದೆ. ಇನ್ನೊಂದು ಐದನೇದು, ಹೊಚ್ಚ ಹೊಸದು, ತುಂಬ ಕಲರ್ ಫೋಟೋ. ಐದನೇದ್ರಲ್ಲಿ ಕಾಡೊಳಗೆ ನಿಂತು ಕಾಯೋರಿಗೆ ಭಾರೀ ಅನುಕೂಲ ಮಾಡಿದ್ದಾರಂತೆ. ಬ್ಯಾಗಲ್ಲಿ ಒಂದಕ್ಕೇ ಜಾಗ. ಯಾವ್ದು ತರ್ಲಿ?"

ಸುಳ್ಳೇಕೆ ಹೇಳಲಿ, ಕಾಡಿನವರಿಗೆ ಅನುಕೂಲ ಎಂದ ಕೂಡಲೇ ನನ್ನ ಬಾಯಲ್ಲಿ ನೀರೂರಿತು. ಆದರೂ ಇಬ್ಬರೂ ಆಡುವ ಆಟ, ದೇವರಾಜನನ್ನು ಕೇಳದೆ ಹೇಗೆ? ನಾಳೆ ಹೇಳುತ್ತೇನೆಂದು ಫೋನಿಟ್ಟು ಅವನಿಗೆ ಮಾಡಿದೆ.

"ಐದನೇದೇ ತರ್ಸಿ ವಸಂತಕ್ಕ," ಎಂದ. "ನಂಗೇನೂ ಬೇಜಾರಿಲ್ಲ. ಪಾಪ, ನೀವೂ ಒಂದ್ಸಲ ಗೆಲ್ಬೇಡ್ವಾ?"

ಪಾಪವಂತೆ! ನನ್ನ ಮೈಯೆಲ್ಲ ಉರಿದುಹೋಯಿತು.

"ನೋಡು ಮಾರಾಯ," ಎಂದೆ. "ಯಾವ ರೂಲ್ಸಲ್ಲಿ ಸೋತಿದ್ದೀನೋ ಅದ್ರಲ್ಲೇ ಗೆಲ್ತೀನಿ. ನಿನ್ನ ಪಾಪ ನೀನೇ ಇಟ್ಕೋ. ಮೂರನೇ ಎಡಿಷನ್ನೇ ಬರೋದು."

"ಎಂಥ ಹಠ ನಿಮ್ದು! ಆಮೇಲೆ ನನ್ನ ಬೈಬೇಡಿ ಮತ್ತೆ."

ನಾಳೆಯವರೆಗೂ ಕಾಯಲಿಲ್ಲ. ರೂಪಶ್ರೀಗೆ ಆಗಲೇ ಹೇಳಿಬಿಟ್ಟೆ.

ಪುಸ್ತಕ ಬಂತು. ಮೊದಲಿನದನ್ನು ದೇವರಾಜ ಓದಿ ಹೇಳುತ್ತಿದ್ದ, ನಾನು ತಲೆಯಾಡಿಸುತ್ತಿದ್ದೆ. ಈ ಸಲ ಕನ್ನಡಕ ಹಾಕಿಕೊಂಡು ನಾನೇ ಒಂದೊಂದು ಸಾಲೂ ಓದಿದೆ, ಅಡಿಟಿಪ್ಪಣಿ ಬಿಡದೆ. ಕಾಡಿನ ಬಗ್ಗೆ ಇದ್ದದ್ದು ಗೊತ್ತಿದ್ದ ವಿಷಯವೇ. ಮರಗಳ ನಡುವೆ ಬೆಳಕು ಬೀಳುವಂಥ ಬಿಡಿ ಕಾಡಾದರೆ ಕುದುರೆ ಅರ್ಧ ವೇಗದಲ್ಲಿ ಹೋಗಬಹುದು. ದಟ್ಟ ಕಾಡಾದರೆ ಸವಾರರು ಒಳಗೆ ಕಾಲಿಡುವಂತಿಲ್ಲ. ನಮ್ಮದು ಮೊದಲ ದಿನದಿಂದಲೂ ಬಿಡಿ ಕಾಡು. ಅದನ್ನು ಯಾರೂ ಪ್ರಶ್ನಿಸಿರಲಿಲ್ಲ.

ಆ ವಾರ ತೋಟದಲ್ಲಿ ಮರಗಸಿ ನಡೆಯುತ್ತಿತ್ತು. ಕಾಫಿಗೆ ಬಿಸಿಲು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ. ನೋಡಿಕೊಳ್ಳುತ್ತಾ ಬೇಲಿಯವರೆಗೆ ಹೋದೆ. ಬೇಲಿಯ ಈಚೆ ನಮ್ಮ ತೋಟ, ಜೀಪು ಹೋಗುವಷ್ಟು ಸಲೀಸು. ಆಚೆ ಫಾರೆಸ್ಟಿನವರ ಕಾಡು. ಮುಳ್ಳು, ಬಳ್ಳಿ, ಬಿದಿರುಮೆಳೆ. ನಮ್ಮ ನಾಯಿ ನುಗ್ಗಲು ಹೋಗಿ ಹಿಂದಿರುಗಿ ಬಂತು. ಅಲ್ಲೇ ನಿಂತುಬಿಟ್ಟೆ. ಅಯ್ಯೋ ನಮ್ಮ ತಲೆಗಿಷ್ಟು! ಇಷ್ಟು ವರ್ಷ ಮೇಜಿನ ಮೇಲೆ ನಾವು ಇಟ್ಟದ್ದು ಕಾಡನ್ನಲ್ಲ, ಕಾಫಿ ಎಸ್ಟೇಟನ್ನು.

ಭಾನುವಾರ ದೇವರಾಜ ಬಂದಾಗ ನಾನು ಮೇಜಿನ ಮೇಲಿನ ಮರಗಳನ್ನು ಕಿತ್ತು ಬುಟ್ಟಿಗೆ ಹಾಕುತ್ತಿದ್ದೆ. ಸಾಲಾಗಿ ನೆಟ್ಟ ಪುಟ್ಟ ಸಿಲ್ವರ್ ಓಕ್‌ಗಳು, ಅವುಗಳಿಗೆ ಹಸಿರು ದಾರದಲ್ಲಿ ಹಬ್ಬಿಸಿದ ಮೆಣಸಿನ ಬಳ್ಳಿ, ಕೆಳಗೆ ಸ್ಪಂಜಿನ ಕಾಫಿಗಿಡ. ಇಬ್ಬರೂ ಎಷ್ಟು ಮುದ್ದಾಗಿ ಮಾಡಿದ್ದೆವು!

"ಏನಿದು ವಸಂತಕ್ಕ? ಕಾಡು ಯಾಕೆ ಕೀಳ್ತಿದ್ದೀರಿ?"

"ಸಿಲ್ವರ್ ಓಕ್ ಬಂದಿದ್ದು ಯಾರ ಜೊತೆ?"

"ಬ್ರಿಟಿಷ್ರ ಜೊತೆ."

"ಔರಂಗಜೇಬನ ಕಾಲ್ದಲ್ಲಿ ಇಲ್ಲಿ ಮರಗಸಿ ಯಾರು ಮಾಡಿಸ್ತಿದ್ರು? ನಿಮ್ಮಜ್ಜನಾ?"

"ಬಾಬಾಬುಡನ್ ಅವ್ರು ಕಾಫಿ ತಂದಿದ್ರಲ್ಲ," ಎಂದ ಮೆಲ್ಲಗೆ.

"ಗಿರಿ ಮೇಲೆ ನಾಲ್ಕು ಗಿಡ ಇದ್ದಿರಬಹುದು. ಎಸ್ಟೇಟ್ ಎಲ್ಲಿತ್ತು ಮಾರಾಯ?"

ಅವನು ಬುಟ್ಟಿಯನ್ನೊಮ್ಮೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಥೋ! ಕೆಳದಿಯವ್ರ ಕಾಡಿಗೆ ನಾವೇ ಮರಗಸಿ ಮಾಡಿ ಕುದುರೆಗೆ ದಾರಿ ಬಿಡಿಸ್ಕೊಟ್ಟಿದ್ವಲ್ಲ! ಬೇರೆ ಊರೋರು ಇಂಥ ತಪ್ಪು ಮಾಡಕ್ಕೇ ಸಾಧ್ಯ ಇಲ್ಲ ಬಿಡಿ." ಅವನದು ಒಳ್ಳೆಯ ಗುಣ. ತಪ್ಪೆಂದು ಕಂಡರೆ ಎಳೆದಾಡುವುದಿಲ್ಲ.

ಕಾಡುಪಾಚಿಯನ್ನು ಒತ್ತೊತ್ತಾಗಿ ಜೋಡಿಸಿದೆವು. ಅವನ ಕುದುರೆಗಳಿಗೆ ಉಳಿದದ್ದು ಒಂದು ಕಿರಿದಾದ ದಾರಿ ಮಾತ್ರ. ಸಾಲಾಗಿ ಬಂದರು, ನನ್ನ ಕೋವಿಯವರು ಎರಡೂ ಕಡೆಯಿಂದ ಬೀಳಿಸಿದರು. ಸಂಜೆಯ ಕಾಫಿಯ ಹೊತ್ತಿಗೆ ಗೆದ್ದಿದ್ದೆ. ಎದೆ ಉಬ್ಬಿಹೋಗಿತ್ತು.

ದೇವರಾಜ ಲೋಟ ಕೆಳಗಿಟ್ಟು ಮೇಜನ್ನೇ ನೋಡುತ್ತಿದ್ದ. "ಗೆದ್ರಿ. ಆದ್ರೆ ಗೆದ್ದಿದ್ದು ನೀವೋ ಕಾಡೋ ಅಂತ ನಂಗೆ ಗೊತ್ತಾಗ್ಲಿಲ್ಲ ವಸಂತಕ್ಕ. ಮುಂದಿನ ವಾರ ಸೈಡ್ ಬದಲಾಯಿಸೋಣ. ಕೆಳದಿ ನಂಗೆ ಕೊಡಿ."

ಸೂಜಿಮೆಣಸಿನಕಾಯಿ ಕಚ್ಚಿದ ಹಾಗಾಯಿತು. ಆಗುವುದಿಲ್ಲ ಎನ್ನಲು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನ್ಯಾಯವಾಗಿಯೇ ಗೆಲ್ಲುತ್ತೇನೆಂದು ಹಾರಾಡಿದವಳು ನಾನು. "ತಗೋ," ಎಂದೆ. ವಾರವಿಡೀ ಪುಸ್ತಕ ಕೈಯಿಂದ ಬಿಡಲಿಲ್ಲ. ಯಜಮಾನರಿಗೆ ಬರೀ ಸಾರು, ಅನ್ನ.

ಮುಂದಿನ ಭಾನುವಾರ ಅವನ ಕಡೆಯ ಸ್ಟೂಲಿನ ಮೇಲೆ ಕುಳಿತೆ. ಆ ಕಡೆಯಿಂದ ಕಾಡು ನೋಡಿದರೆ ಭಯವೇ ಆಗುತ್ತದೆ. ದೇವರಾಜ ಕೆಳದಿಯವರನ್ನೆಲ್ಲ ದಾರಿಗೆ ಮುಖ ಮಾಡಿ ನಿಲ್ಲಿಸಿ, ಕೈಕಟ್ಟಿ ನಗುತ್ತಾ ಕುಳಿತ. ನಾನು ಸ್ವಲ್ಪ ಕುದುರೆಗಳನ್ನು ದಾರಿಯ ಬಾಯಲ್ಲೇ ಬಿಟ್ಟೆ. ಉಳಿದವರನ್ನು ಕಾಡಂಚಿಗೆ ತಂದು ನಿಲ್ಲಿಸಿ, ಕುದುರೆ ತೆಗೆದಿಟ್ಟು, ಆ ಜಾಗದಲ್ಲಿ ಕಾಲಾಳುಗಳನ್ನಿಟ್ಟೆ.

"ಇದೇನು?"

"ಇಳ್ಸಿದೆ. ಸವಾರ್ರು ಕುದುರೆ ಇಳಿದು ನಡೀಬಹುದು. ಒಂದು ಸರದಿ ಕಳ್ಕೋಬೇಕು, ಅಷ್ಟೇ. ಓದು."

ಅವನು ಪುಸ್ತಕ ಎಳೆದುಕೊಂಡು ಓದಿದ. ಇನ್ನೊಮ್ಮೆ ಓದಿದ. "ಇಷ್ಟು ವರ್ಷ ಕುದುರೆ ನನ್ನ ಹತ್ರಾನೇ ಇತ್ತಲ್ಲ, ಇದು ಕಣ್ಣಿಗೇ ಬೀಳ್ಲಿಲ್ಲ..." ಎಂದ.

ನನ್ನವರು ಮುಳ್ಳಿನೊಳಗೆ ಅಂಗುಲ ಅಂಗುಲವಾಗಿ ನಡೆದು ಕೆಳದಿಯವರ ಬೆನ್ನಿಗೆ ಬಂದರು. ಅವನ ಸಾಲು ತಿರುಗುವಷ್ಟರಲ್ಲಿ ಮುರಿದಿತ್ತು. ನನ್ನ ಕೈಯಾರೆ ಬಣ್ಣ ಬಳಿದ ಕೆಳದಿಯ ಬಾವುಟವನ್ನು ನಾನೇ ಮಲಗಿಸಬೇಕಾಯಿತು.

ದೇವರಾಜ ದಾಳಗಳನ್ನು ನನ್ನ ಕಡೆಗೆ ಸರಿಸಿದ.

"ಹೋದ ವಾರ ನಾನು ಕಾಡಿಗೆ ಸೋತೆ ಅಂದ್ಕೊಂಡಿದ್ದೆ ವಸಂತಕ್ಕ," ಎಂದ. "ಇಲ್ಲ. ನಿಮಗೇ ಸೋತಿದ್ದು."