ಗೀಟು ಹಾಕಿದ ಹೆಸರು

ಪೆಡ್ಲಿ ಮೇಷ್ಟ್ರು ಮೊದಲ ಸಲ ಮನೆಗೆ ಬಂದು ಕೂತಾಗ ಹೆಸ್ಟರ್‌ಗೆ ಖುಷಿಯೇ ಆಗಿತ್ತು. ಸ್ಕಾರ್ವಿಕ್ ಬಂದರಿನಿಂದ ಜರ್ಮನರ ವಿರುದ್ಧದ ಯುದ್ಧಕ್ಕೆ ಹೋದ ಹನ್ನೊಂದು ಜನ ಸೈನ್ಯಾಧಿಕಾರಿಗಳ ಮನೆತನಗಳ ಬಗ್ಗೆ ಮೇಷ್ಟ್ರು ಒಂದು ಪುಸ್ತಕ ಮಾಡುತ್ತಿದ್ದರು. ಮನೆತನದ ಹೆಸರು ಎಲ್ಲಿಂದ ಬಂತು, ಹಿರೀಕರು ಯಾರು, ಯಾವ ಕಸುಬಿನವರು, ಎಲ್ಲ ಬರೆದು ಒಬ್ಬೊಬ್ಬರಿಗೂ ಎರಡೆರಡು ಪುಟ. ಹೆಸ್ಟರಳ ಗಂಡ ಕ್ಯಾಪ್ಟನ್ ಲಯನಲ್ ಫೇರ್‌ಬೋರ್ನ್ ಫ್ರಾನ್ಸಿಗೆ ಹೋಗಿ ಏಳು ತಿಂಗಳಾಗಿತ್ತು. ಅವನ ಹೆಸರು ಅಚ್ಚಿನಲ್ಲಿ ಬರುತ್ತದೆಂದರೆ ಯಾವ ಹೆಂಡತಿಗೆ ಬೇಡ?

ಮೇಷ್ಟ್ರ ತೋಳಿಗೆ ಕರಿಪಟ್ಟಿ ಇತ್ತು. ಅವರ ಒಬ್ಬನೇ ಮಗ ವಿಲ್‌ಫ್ರೆಡ್ ಲಯನಲ್‌ನ ತುಕಡಿಯಲ್ಲೇ ಇದ್ದು, ಮಾರ್ಚಿನಲ್ಲಿ ಸತ್ತಿದ್ದ. ಅದಾದ ಮೇಲೆ ಮನುಷ್ಯ ಶಾಲೆ ಬಿಟ್ಟರೆ ಈ ಪುಸ್ತಕ, ಪುಸ್ತಕ ಬಿಟ್ಟರೆ ಶಾಲೆ ಎಂಬಂತಾಗಿದ್ದರು.

“ಚೆಂದದ ಹೆಸ್ರು ನಿಮ್ಮದು,” ಎಂದರು ಅವರು ಹೆಸ್ಟರಳ ಮಾವ ಜಾಶುವಾ ಕಡೆ ತಿರುಗಿ. “ಫೇರ್ ಅಂದ್ರೆ ಚೆಲುವು. ಬೋರ್ನ್ ಅಂದ್ರೆ ಹಳ್ಳ, ತೊರೆ. ಆದ್ರೆ ನೀವು ಹೇಳೋ ಕಡೆ ಈ ಹೆಸ್ರಿನ ಊರೇ ಸಿಗ್ತಿಲ್ಲ ನೋಡಿ. ಮೂರು ನಕ್ಷೆ ತೆಗ್ದು ಹುಡುಕ್ದೆ.”

“ಸಣ್ಣ ಹಳ್ಳಿ. ಪ್ರವಾಹದಲ್ಲಿ ಮುಳುಗಿಹೋಯ್ತು,” ಎಂದರು ಜಾಶುವಾ.

“ಊರು ಮುಳುಗಿದ್ರೂ ಕಂದಾಯದ ಪುಸ್ತಕದಲ್ಲಿ ಹೆಸ್ರು ತೇಲ್ತಾ ಇರುತ್ತೆ, ಸ್ವಾಮಿ. ಸರ್ಕಾರ ಅಷ್ಟು ಸುಲಭಕ್ಕೆ ಯಾರನ್ನೂ ಮುಳುಗೋಕೆ ಬಿಡಲ್ಲ.”

ಮೇಷ್ಟ್ರು ತಮ್ಮ ಮಾತಿಗೆ ತಾವೇ ನಕ್ಕರು. ಜಾಶುವಾ ನಗಲಿಲ್ಲ. ಎಪ್ಪತ್ತನಾಲ್ಕು ವರ್ಷದ ಮುದುಕರು ಕುಡಿಯದ ಚಹಾದ ಬಟ್ಟಲನ್ನು ಮೇಜಿನ ಮೇಲಿಟ್ಟು ಎದ್ದರು. ಮೇಷ್ಟ್ರು ಹೋದ ಮೇಲೆ ಬಾಗಿಲ ಚಿಲಕ ಹಾಕಿ ಬಂದು ಸೊಸೆಗೆ ಹೇಳಿದರು: “ಆ ಪುಸ್ತಕದಲ್ಲಿ ನಮ್ಮ ಹೆಸ್ರು ಬೇಡ.”

“ಯಾಕೆ ಮಾವ?”

“ಬೇಡ ಅಂದ್ರೆ ಬೇಡ. ಹೆಸ್ರನ್ನ ಕೆದಕಬಾರ್ದು.”

ಬೇಡ ಎಂದದ್ದೇ ಹೆಸ್ಟರಳ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಮೇಷ್ಟ್ರು ಅನುಮಾನ ತೋರಿಸಿದ್ದಕ್ಕೇ ಮುದುಕರಿಗೆ ಮುನಿಸು, ಅವರಿಗೆ ಸಿಗದ್ದನ್ನು ತಾನೇ ಹುಡುಕಿ ಕೊಟ್ಟರೆ ಅದೂ ಇಳಿದೀತು ಎಂದುಕೊಂಡಳು. ಶುಕ್ರವಾರ ಇಗರ್ಜಿಯ ಪೀಠಕ್ಕೆ ಹೂ ಜೋಡಿಸುವ ಸರದಿ ಅವಳದು. ಕೆಲಸ ಮುಗಿಸಿ, ಪಾದ್ರಿಗಳ ಅಪ್ಪಣೆ ಕೇಳಿ, ಪಕ್ಕದ ಕೋಣೆಯ ಕಬ್ಬಿಣದ ಪೆಟ್ಟಿಗೆಯಿಂದ ಹಳೆಯ ನಾಮಕರಣದ ದಪ್ಪ ಪುಸ್ತಕ ತೆಗೆದಳು. ಮಾವ ಹುಟ್ಟಿದ್ದು ಇದೇ ಊರಲ್ಲಿ, ೧೮೪೧ರಲ್ಲಿ ಎಂಬುದು ಗೊತ್ತಿತ್ತು. ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮಗುವಿನ ಹೆಸರು ಜಾಶುವಾ. ತಾಯಿ ಆ್ಯನ್. ತಂದೆ ಯೋಹಾನ್, ಕಸುಬು ಸಕ್ಕರೆ ಕಾಯಿಸುವುದು. ಮನೆತನದ ಹೆಸರಿದ್ದ ಕಡೆ ‘ಶೋನ್‌ಬೋರ್ನ್’ ಎಂದು ಬರೆದು, ಅದರ ಮೇಲೆ ನೇರವಾಗಿ ಒಂದು ಗೀಟು ಎಳೆದಿದ್ದರು. ಅಂಚಿನಲ್ಲಿ ಅದೇ ಶಾಯಿಯಲ್ಲಿ, ಅದೇ ಕೈಬರಹದಲ್ಲಿ: ‘ಇನ್ನು ಮುಂದೆ ಫೇರ್‌ಬೋರ್ನ್.’

ಹೆಸ್ಟರ್ ಎರಡು ಸಲ ಓದಿದಳು. ಮೂರನೆಯ ಸಲ ಓದಲು ಆಗಲಿಲ್ಲ. ಅಕ್ಷರಗಳು ಕಣ್ಣಿಗೆ ನಿಲ್ಲಲಿಲ್ಲ. ಜರ್ಮನ್ ಹೆಸರು! ಕಳೆದ ಅಕ್ಟೋಬರಿನಲ್ಲಿ ಹಂದಿಮಾಂಸದ ಅಂಗಡಿಯ ಕ್ರೌಸ್‌ನನ್ನು ಪೊಲೀಸರು ಶತ್ರುದೇಶದವನೆಂದು ಕೈದಿಗಳ ಶಿಬಿರಕ್ಕೆ ಎಳೆದೊಯ್ದಾಗ ಬೀದಿಯವರು ಚಪ್ಪಾಳೆ ತಟ್ಟಿದ್ದರು. ಆ ಗುಂಪಿನಲ್ಲಿ ತಾನೂ ನಿಂತಿದ್ದುದು ಈಗ ನೆನಪಾಗಿ ಅವಳು ಪುಸ್ತಕ ಮುಚ್ಚಿಟ್ಟಳು.

ಮನೆಗೆ ಬಂದವಳು ಟೋಪಿಯನ್ನೂ ತೆಗೆಯದೆ ಮಾವನ ಎದುರು ನಿಂತಳು. ಅವಳ ಮುಖ ನೋಡಿಯೇ ಜಾಶುವಾಗೆ ಅರ್ಥವಾಯಿತು.

“ಓದಿಬಿಟ್ಟೆಯಾ?”

“ಏನಿದೆಲ್ಲ, ಮಾವ?”

“ನಮ್ಮಪ್ಪ ಹತ್ತೊಂಬತ್ತನೇ ವಯಸ್ಸಿಗೆ ಹಡಗು ಹತ್ತಿ ಬಂದವ್ರು. ಇಲ್ಲಿ ಸಕ್ಕರೆ ಕಾರ್ಖಾನೇಲಿ ಕೊಪ್ಪರಿಗೆ ಮುಂದೆ ನಿಂತೇ ಜೀವ ತೇದ್ರು. ಎರಡೂ ಕೈ ಮೊಣಕೈವರೆಗೆ ಸುಟ್ಟ ಗಾಯ. ನನ್ನ ನಾಮಕರಣದ ದಿನ ನಮ್ಮ ತಾಯಿಯ ಅಪ್ಪ ಹಟ ಹಿಡಿದ್ರಂತೆ, ಮೊಮ್ಮಗನಿಗೆ ಇಂಗ್ಲಿಷ್ ಹೆಸ್ರೇ ಬೇಕು, ಇಲ್ದಿದ್ರೆ ಇಗರ್ಜಿ ಒಳಗೆ ಕಾಲಿಡಲ್ಲ ಅಂತ. ಶೋನ್ ಅಂದ್ರೆ ಚೆಲುವು. ಬೋರ್ನ್ ಅಂದ್ರೆ ಚಿಲುಮೆ. ಅಲ್ಲೇ ನಿಂತು ಹೆಸ್ರನ್ನ ಮಗುಚಿ ಹಾಕಿದ್ರು, ರೊಟ್ಟಿ ಮಗುಚಿದ ಹಾಗೆ. ಆಗ ಹೆದ್ರಿಕೆ ಏನೂ ಇರ್ಲಿಲ್ಲ ಮಗಳೇ. ಆಗಿನ ರಾಣಿಯ ಗಂಡನೇ ಜರ್ಮನ್. ಮುದುಕನ ಜಂಬ, ಅಷ್ಟೆ.”

“ಲಯನಲ್‌ಗೆ ಗೊತ್ತಾ?”

ಜಾಶುವಾ ಇಲ್ಲವೆಂದು ತಲೆಯಾಡಿಸಿದರು. “ಮುಳುಗಿದ ಹಳ್ಳಿ ಕಥೆ ಹೇಳೇ ಬೆಳೆಸ್ದೆ. ಸೈನ್ಯಕ್ಕೆ ಸೇರ್ತೀನಿ ಅಂದಾಗ್ಲಾದ್ರೂ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ.”

ಪತ್ರ ಬರೆದು ತಿಳಿಸುವ ಹಾಗಿರಲಿಲ್ಲ. ರಣರಂಗಕ್ಕೆ ಹೋಗುವ ಕಾಗದ ಯಾರ ಕೈಗೆ ಸಿಕ್ಕು ಯಾರು ಒಡೆದು ಓದುತ್ತಾರೋ. ಹೆಸ್ಟರ್ ಬಾಯಿಗೆ ಬೀಗ ಹಾಕಿಕೊಂಡಳು. ಆದರೆ ಅದೇ ವಾರಾಂತ್ಯಕ್ಕೆ ಸುದ್ದಿ ಬಂತು: ಜರ್ಮನರು ಪ್ರಯಾಣಿಕರ ದೊಡ್ಡ ಹಡಗೊಂದನ್ನು ಮುಳುಗಿಸಿದ್ದರು. ಹೆಂಗಸರು, ಹಸುಗೂಸುಗಳು ಎನ್ನದೆ ಸಾವಿರಕ್ಕೂ ಮಿಕ್ಕಿ ಜನ ಸತ್ತಿದ್ದರು. ಸೋಮವಾರ ರೊಟ್ಟಿ ಅಂಗಡಿಯ ಸಾಲಿನಲ್ಲಿ ಮೀನು ಹೆರೆಯುವ ಬೆಸ್ಸಿ ಗಟ್ಟಿಯಾಗಿ ಹೇಳುತ್ತಿದ್ದಳು: “ನಮ್ಮೂರಲ್ಲೂ ಅವ್ರ ಬೀಜ ಇದೆ. ಹೆಸ್ರು ಬದಲಾಯಿಸ್ಕೊಂಡು ನಮ್ಮ ಮಧ್ಯೆನೇ ಕೂತಿದಾರಂತೆ. ಒಂದೊಂದನ್ನೇ ಆರಿಸಿ ತೆಗೀಬೇಕು, ಮೀನಿಂದ ಮುಳ್ಳು ತೆಗ್ದ ಹಾಗೆ.” ಹೆಸ್ಟರ್ ರೊಟ್ಟಿ ಕೊಳ್ಳದೆ ಮನೆಗೆ ತಿರುಗಿದಳು. ಬೆನ್ನ ಮೇಲೆ ಯಾರದೋ ಕಣ್ಣು ನೆಟ್ಟಿದೆ ಅನ್ನಿಸಿ ಮೂರು ಸಲ ಹಿಂತಿರುಗಿ ನೋಡಿದಳು.

ಮಂಗಳವಾರ ಬೆಳಿಗ್ಗೆ ಹೂವಿನ ಬುಟ್ಟಿ ಹಿಡಿದು ಮತ್ತೆ ಇಗರ್ಜಿಗೆ ಹೋದಳು. ಆ ಒಂದು ಹಾಳೆ ಇಲ್ಲವಾದರೆ ಎಲ್ಲವೂ ಇಲ್ಲವಾಗುತ್ತದೆ ಎಂದು ರಾತ್ರಿಯೆಲ್ಲ ಲೆಕ್ಕ ಹಾಕಿದ್ದಳು. ದೇವರ ಮನೆಯಲ್ಲಿ ಕಳ್ಳತನ. ಇರಲಿ, ದೇವರಿಗೆ ಆಮೇಲೆ ಉತ್ತರ ಕೊಟ್ಟರಾಯಿತು.

ಪಕ್ಕದ ಕೋಣೆಯ ಬಾಗಿಲು ತೆರೆದೇ ಇತ್ತು. ಮೇಜಿನ ಮುಂದೆ ಪೆಡ್ಲಿ ಮೇಷ್ಟ್ರು ಕೂತಿದ್ದರು. ಎದುರಿಗೆ ಅದೇ ಪುಸ್ತಕ, ಅದೇ ಪುಟ. ಗೀಟು ಎಳೆದ ಜಾಗದ ಮೇಲೆ ಅವರ ಬೆರಳಿತ್ತು.

“ಬನ್ನಿ,” ಎಂದರು ತಲೆ ಎತ್ತದೆ. “ನಿಮ್ಮ ಸರದಿ ಶುಕ್ರವಾರ ಅಲ್ವಾ?”

“ಹೂವು ಬಾಡಿತ್ತು… ಬದಲಾಯಿಸೋಣ ಅಂತ…”

ಮೇಷ್ಟ್ರು ಈಗ ತಲೆ ಎತ್ತಿ ಅವಳ ಬುಟ್ಟಿಯೊಳಗೆ ನೋಡಿದರು. ಅದರಲ್ಲಿ ಕತ್ತರಿಯೊಂದೇ ಇತ್ತು. ಒಂದು ಎಸಳೂ ಇರಲಿಲ್ಲ.

“ಹೂವು ತಂದೇ ಇಲ್ವಲ್ಲ,” ಎಂದರು.

ಹೆಸ್ಟರ್ ಬುಟ್ಟಿಯನ್ನು ಬೆನ್ನ ಹಿಂದೆ ಸರಿಸಿದಳು. ಮೇಷ್ಟ್ರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಅವರು ಪುಸ್ತಕ ಮುಚ್ಚಿ, ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಪಾದ್ರಿಗಳಿಗೆ ಕೊಡಲು ಹೊರಟರು. ಬಾಗಿಲಲ್ಲಿ ಒಂದು ಗಳಿಗೆ ನಿಂತು, “ನನ್ನ ಮಗನ್ನ ಮುಂದೆ ನಡೀ ಅಂತ ಕಳ್ಸಿದ್ದು ನಿಮ್ಮ ಗಂಡ,” ಎಂದರು. ಅಷ್ಟೇ. ಹೊರಟುಹೋದರು.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಮಾರುಕಟ್ಟೆ ಬೀದಿಯ ಕಡೆಯಿಂದ ಮೊದಲ ಗಾಜು ಒಡೆದ ಸದ್ದು ಕೇಳಿಸಿತು. ಆಮೇಲೆ ಸಾಲಾಗಿ ಒಡೆದವು. ಕ್ರೌಸ್‌ನ ಅಂಗಡಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಗಂಡ ಶಿಬಿರ ಸೇರಿದ ಮೇಲೆ ಹೆಂಡತಿ ರೋಸಿನಾ ಒಬ್ಬಳೇ ಅಂಗಡಿ ನಡೆಸಿಕೊಂಡಿದ್ದಳು. ಜಾಶುವಾ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಹೆಸ್ಟರ್ ಮುಂದಿನ ಬಾಗಿಲಿಗೆ ಅಗುಳಿ ಹಾಕಿ, ಪರದೆ ಎಳೆದಳು.

ಹಿತ್ತಲ ಬಾಗಿಲನ್ನು ಯಾರೋ ಬಡಿದರು. ಮುಷ್ಟಿಯಿಂದಲ್ಲ, ಅಂಗೈಯಿಂದ.

“ತೆಗೀರಿ, ಅಮ್ಮಾ! ರೋಸಿನಾ ನಾನು! ನಿಮ್ಮ ದಮ್ಮಯ್ಯ!”

ಹೆಸ್ಟರ್ ಅಲುಗಾಡಲಿಲ್ಲ. ತೆಗೆದರೆ ಜನ ಹಿಂದೆಯೇ ಬರುತ್ತಾರೆ. ಈ ಮನೆಗೇ ಯಾಕೆ ಬಂದಳು ಎಂದು ಕೇಳುತ್ತಾರೆ. ತೆಗೆಯಕೂಡದು. “ಬೇಡ ಮಾವ,” ಎಂದಳು ಪಿಸುಗುಟ್ಟಿ. “ನಿಮ್ಮ ಮಗನ್ನ ನೆನೆಸ್ಕೊಳ್ಳಿ.”

“ಅವ್ನನ್ನ ನೆನೆಸ್ಕೊಂಡೇ ಏಳ್ತಾ ಇದೀನಿ,” ಎಂದು ಜಾಶುವಾ ಎದ್ದು ಹೋಗಿ ಚಿಲಕ ತೆಗೆದರು.

ರೋಸಿನಾಳ ಹಣೆಯಿಂದ ರಕ್ತ ಸೋರುತ್ತಿತ್ತು. ಕೂದಲ ತುಂಬ ಗಾಜಿನ ಚೂರು. ಒಂದು ಕಾಲಲ್ಲಿ ಮೆಟ್ಟಿರಲಿಲ್ಲ. ಜಾಶುವಾ ಅವಳ ಕೈ ಹಿಡಿದು ಅವಳ ಭಾಷೆಯಲ್ಲಿ ಏನೋ ಹೇಳಿದರು. ತಡವರಿಸುತ್ತ, ಮಕ್ಕಳು ಮಾತು ಕಲಿಯುವಾಗ ಆಡುವ ಹಾಗೆ ಎರಡೇ ಮಾತು. ರೋಸಿನಾ ಬೆಚ್ಚಿ ಅವರ ಮುಖ ನೋಡಿ, ಬಾಯಿಗೆ ಏಪ್ರನ್ನಿನ ಅಂಚು ತುರುಕಿಕೊಂಡು ಅಳತೊಡಗಿದಳು. ಹದಿನಾಲ್ಕು ವರ್ಷ ಈ ಮನೆಯಲ್ಲಿ ಬಾಳಿದ ಹೆಸ್ಟರ್ ಮಾವನ ಬಾಯಲ್ಲಿ ಆ ಭಾಷೆ ಕೇಳಿದ್ದು ಅದೇ ಮೊದಲು. ರೋಸಿನಾಳನ್ನು ಕಲ್ಲಿದ್ದಲಿನ ನೆಲಮಾಳಿಗೆಗೆ ಇಳಿಸಿ ಬಾಗಿಲು ಹಾಕುವಷ್ಟರಲ್ಲಿ ಬೀದಿಯ ಗದ್ದಲ ಮೆಟ್ಟಿಲ ತನಕ ಬಂದಿತ್ತು.

ಹೆಸ್ಟರ್ ಬಾಗಿಲು ತೆಗೆದಳು. ಒಡೆದು ಒಳಗೆ ಬರುವುದಕ್ಕಿಂತ ತಾನೇ ತೆಗೆಯುವುದು ಮೇಲು. ನಲವತ್ತು ಐವತ್ತು ಜನರಿದ್ದರು. ಮುಂದೆ ಬೆಸ್ಸಿ, ಕೈಯಲ್ಲಿ ಅಂಗಡಿಯ ಮಾಂಸದ ಕೊಕ್ಕೆ. ಗುಂಪಿನ ಅಂಚಿನಲ್ಲಿ, ಕರಿಪಟ್ಟಿಯ ತೋಳು ಕಟ್ಟಿಕೊಂಡು, ಪೆಡ್ಲಿ ಮೇಷ್ಟ್ರು.

“ಆ ಜರ್ಮನ್ ಹೆಂಗ್ಸು ಈ ಓಣಿಗೇ ನುಗ್ಗಿದ್ಲು,” ಎಂದಳು ಬೆಸ್ಸಿ. “ನಿಮ್ಮನೆ ಒಳಗಿದಾಳಾ?”

“ಇಲ್ಲ.”

“ಹಿತ್ತಲ ಗೋಡೆ ಮೇಲೆ ರಕ್ತ ಇದೆ ಕಣ್ರೋ!” ಎಂದು ಯಾರೋ ಕೂಗಿದರು.

“ಹಾಗಾದ್ರೆ ಒಳಗೆ ಹೋಗಿ ನೋಡೇಬಿಡೋಣ,” ಎಂದಳು ಬೆಸ್ಸಿ. “ ಕ್ಯಾಪ್ಟನ್ ಮನೆಯವ್ರಿಗೆ ಹೆದ್ರಿಕೆ ಯಾಕೆ? ಅಲ್ವಾ ಮೇಷ್ಟ್ರೇ?”

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಮಗನನ್ನು ಕಳೆದುಕೊಂಡವರ ಮಾತಿಗೆ ಆ ದಿನ ಬೇರೆ ಯಾರ ಮಾತಿಗೂ ಇಲ್ಲದ ತೂಕವಿತ್ತು. ಅವರು ಮೆಟ್ಟಿಲು ಹತ್ತಿ ಹೆಸ್ಟರಳ ಎದುರಿಗೇ ಬಂದು ನಿಂತರು. ಅವರ ಕಣ್ಣು ಕೆಂಪಗಿತ್ತು. ಒಂದೇ ಒಂದು ಹೆಸರು ಅವರ ಬಾಯಿಂದ ಬಿದ್ದರೆ ಸಾಕಿತ್ತು. ಹೆಸ್ಟರ್ ಬಾಗಿಲಿಗೆ ಅಡ್ಡಲಾಗಿ ಚೌಕಟ್ಟು ಹಿಡಿದು ನಿಂತಳು. ಮೇಷ್ಟ್ರು ತೋಳಿನ ಕರಿಪಟ್ಟಿಯನ್ನು ಒಮ್ಮೆ ಸರಿಮಾಡಿಕೊಂಡರು. ಆಮೇಲೆ ಗುಂಪಿನ ಕಡೆ ತಿರುಗಿದರು.

“ನನ್ನ ಮಗ ಮುಳ್ಳುತಂತಿ ಮೇಲೆ ಎರಡು ದಿನ ನೇತಾಡ್ತಿದ್ದ,” ಎಂದರು. “ತರೋಕೆ ಯಾರೂ ಹೋಗ್ಲಿಲ್ಲ. ಈ ಮನೆ ಕ್ಯಾಪ್ಟನ್ ಹೊಟ್ಟೆ ಮೇಲೆ ತೆವಳಿಕೊಂಡು ಹೋಗಿ ಎಳ್ಕೊಂಡು ಬಂದ. ಅವನ ಜೊತೆಗಿದ್ದ ಸಿಪಾಯಿ ನಂಗೆ ಬರ್ದಿದಾನೆ. ಇಲ್ಲಿಗೆ ನುಗ್ಗೋರು ನನ್ನ ಮೇಲೆ ಹಾದು ಹೋಗಿ.”

ಬೆಸ್ಸಿ ಕೊಕ್ಕೆಯನ್ನು ಕೆಳಗಿಳಿಸಿದಳು. ಗುಂಪು ಬೇರೆ ಓಣಿಗೆ ಹರಿಯಿತು. ಅಲ್ಲಿ ಯಾವುದೋ ಗಾಜು ಒಡೆಯಿತು. ಹೆಸ್ಟರ್ ಉಸಿರು ಬಿಟ್ಟು ಏನೋ ಹೇಳಹೋದಳು. ಮೇಷ್ಟ್ರು ಕೈ ಅಡ್ಡ ಹಿಡಿದರು.

“ನೀವು ನಂಗೆ ಉಪಕಾರ ಆಯ್ತು ಅನ್ಬೇಡಿ. ಮುಂದೆ ಕಳ್ಸಿದವ್ನೂ ಅವ್ನೇ, ಹೊತ್ಕೊಂಡು ಬಂದವ್ನೂ ಅವ್ನೇ. ಯಾವುದನ್ನ ಹಿಡ್ಕೊಳ್ಳಲಿ, ಯಾವುದನ್ನ ಬಿಡ್ಲಿ? ಇವತ್ತು ಹೀಗಂದೆ. ನಾಳೆ ಏನಂತೀನೋ ನಂಗೇ ಗೊತ್ತಿಲ್ಲ.”

ರೋಸಿನಾ ಎರಡು ದಿನ ನೆಲಮಾಳಿಗೆಯಲ್ಲಿದ್ದಳು. ಮೂರನೆಯ ಬೆಳಿಗ್ಗೆ ಹೆಸ್ಟರಳ ಹಳೆಯ ಕೋಟು, ಟೋಪಿ ಹಾಕಿಕೊಂಡು ಪಾದ್ರಿಗಳ ಕುದುರೆಗಾಡಿಯಲ್ಲಿ ಊರು ಬಿಟ್ಟಳು. ಮೇಷ್ಟ್ರ ಪುಸ್ತಕ ಜುಲೈಯಲ್ಲಿ ಹೊರಬಂತು. ಅದರಲ್ಲಿ ಹತ್ತೇ ಅಧಿಕಾರಿಗಳಿದ್ದರು. ಫೇರ್‌ಬೋರ್ನ್ ಮನೆತನ ಯಾಕಿಲ್ಲ ಎಂದು ಜನ ಕೇಳತೊಡಗಿದರು. ಮೊದಲು ಸುಮ್ಮನೆ ಕೇಳುತ್ತಿದ್ದರು; ಆಮೇಲೆ ಕಣ್ಣು ಕಿರಿದು ಮಾಡಿ ಕೇಳುತ್ತಿದ್ದರು. ಭಾನುವಾರ ಇಗರ್ಜಿಯ ಅಂಗಳದಲ್ಲಿ ಮೇಷ್ಟ್ರು ಎದುರಾದರೆ ಟೋಪಿ ಎತ್ತಿ ಮುಂದೆ ಸಾಗುತ್ತಿದ್ದರು. ಅವರು ಯಾರ ಜೊತೆಗಾದರೂ ನಿಂತು ಹರಟುವುದನ್ನು ಕಂಡರೆ ಸಾಕು, ಹೆಸ್ಟರ್ ಹೆಜ್ಜೆ ತಡೆದು ಕಿವಿಗೊಡುತ್ತಿದ್ದಳು.

ಆಗಸ್ಟಿನಲ್ಲಿ ಲಯನಲ್‌ಗೆ ಆರು ದಿನ ರಜೆ ಸಿಕ್ಕಿತು. ಬಡಕಲಾಗಿ ಬಂದಿದ್ದ, ಬಾಗಿಲು ದಡ್ ಎಂದರೆ ಬೆಚ್ಚುತ್ತಿದ್ದ. ಹೆಸ್ಟರ್ ನಾಲ್ಕು ದಿನ ತಡೆದುಕೊಂಡಳು. ಐದನೆಯ ದಿನ ಬೆಳಗಿನ ತಿಂಡಿಯ ಹೊತ್ತಿಗೆ ಮಾವನ ಎದುರೇ ಎಲ್ಲವನ್ನೂ ಹೇಳಿಬಿಟ್ಟಳು. ಲಯನಲ್ ಬೇಯಿಸಿದ ಮೊಟ್ಟೆಯನ್ನು ಚಮಚದಿಂದ ಕುಟ್ಟುತ್ತಿದ್ದವನು ಕೈ ತಡೆದ.

“ಎಷ್ಟು ಜನಕ್ಕೆ ಗೊತ್ತು?” ಎಂದ.

“ನಮ್ಗೆ. ರೋಸಿನಾಗೆ. ಮೇಷ್ಟ್ರಿಗೆ.”

“ನನ್ನ ಹುಡುಗ್ರು ಪ್ರತಿ ರಾತ್ರಿ ಜರ್ಮನ್ರನ್ನ ಬಯ್ತಾರೆ, ಅಪ್ಪ. ನಾನೂ ಬಯ್ತೀನಿ. ಎಲ್ರಿಗಿಂತ ಗಟ್ಟಿಯಾಗಿ.” ಅವನು ಚಮಚ ಕೆಳಗಿಟ್ಟ. “ಆ ಹೆಸ್ರು… ಒಂದ್ಸಲ ಹೇಳಿ. ಅಜ್ಜ ಹೇಳ್ತಿದ್ದ ಹಾಗೆ.”

ಜಾಶುವಾ ಹೇಳಿದರು. ಲಯನಲ್ ಅದನ್ನೇ ಮತ್ತೆ ಹೇಳಿದ. ನಾಲಿಗೆ ಹೊರಳಲಿಲ್ಲ.

“ಹಾಗಲ್ಲ ಮಗಾ, ತುಟಿ ಮುಂದೆ ತರ್ಬೇಕು,” ಎಂದು ಮುದುಕರು ತಿದ್ದಿದರು.

ಎರಡನೆಯ ಸಲ ಅವನು ಸರಿಯಾಗಿ ಹೇಳಿದ. ಹೊರಗೆ ಬೀದಿಯಲ್ಲಿ ಹಾಲಿನವನ ಗಾಡಿ ನಿಂತ ಸದ್ದಾಯಿತು. ಕ್ಯಾಪ್ಟನ್ ಫೇರ್‌ಬೋರ್ನ್ ಥಟ್ಟನೆ ಎದ್ದು, ಗೋಡೆಗೆ ಒತ್ತಿಕೊಂಡೇ ಹೋಗಿ, ಬೀದಿಗೆ ತೆರೆದಿದ್ದ ಕಿಟಕಿ ಮುಚ್ಚಿದ.