ಪಾತ್ರೆಯೊಳಗಿನ ಜುಲೈ

ಆ ಮನೆಯಲ್ಲಿ ರಾತ್ರಿ ಅಡುಗೆ ತಡವಾಗುತ್ತಿದ್ದುದಕ್ಕೆ ಇಂಗ್ಲಿಷ್ ಭಾಷೆಯೇ ಕಾರಣ. ಅನ್ನ ಮಾಡುವ ಪಾತ್ರೆ ಜುಲೈ ತಿಂಗಳಾಗಿ ಹೊರಕೋಣೆಯಲ್ಲಿ ಕೂತಿರುತ್ತಿತ್ತು. ಊಟದ ತಟ್ಟೆ ಸೋಮವಾರವಾಗಿರುತ್ತಿತ್ತು. ಟೀ ಚಮಚ ಐದು ಗಂಟೆಯಾಗಿ ಮೇಷ್ಟ್ರ ಕೈಯಲ್ಲಿ ಕುಣಿಯುತ್ತಿತ್ತು. ಪಾಠ ಮುಗಿದು ಜುಲೈ ಅಡುಗೆಮನೆಗೆ ವಾಪಸ್ ಬಂದ ಮೇಲೆ ಮೇಷ್ಟ್ರ ಹೆಂಡತಿ ಅದಕ್ಕೆ ಮೆತ್ತಿದ ಸೀಮೆಸುಣ್ಣದ ಪುಡಿ ತೊಳೆದು, ಅಕ್ಕಿ ಹಾಕಿ, ಒಲೆ ಹಚ್ಚಬೇಕು. ಅಷ್ಟರಲ್ಲಿ ಮಗಳು ಎರಡು ಸಲ "ಅಮ್ಮಾ, ಹಸಿವು" ಅಂದು, ಮೂರನೆಯ ಸಲ ಸುಮ್ಮನೆ ಬಂದು ಡಬ್ಬಿಗಳ ಮುಚ್ಚಳ ತೆಗೆದು ಮೂಸಿ ನೋಡಿ ಹೋಗಿರುತ್ತಿದ್ದಳು.

ಸಂಜೆ ಹೊರಕೋಣೆಯಲ್ಲಿ ಊರಿನ ದೊಡ್ಡವರಿಗೆ ಮೇಷ್ಟ್ರು ಹೇಳಿಕೊಡುತ್ತಿದ್ದ ಈ ಪಾತ್ರೆ ಪಾಠ ಅವರ ಸ್ವಂತ ಸಂಶೋಧನೆ. ಇಂಗ್ಲಿಷ್‌ನಲ್ಲಿ ಹೊತ್ತು ಹೇಳುವುದನ್ನು ಅವರಷ್ಟು ಚೆನ್ನಾಗಿ ಕಲಿಸುವವರು ಸುತ್ತಮುತ್ತ ಯಾರೂ ಇಲ್ಲ ಎಂದು ಅವರೇ ಎಲ್ಲರಿಗೂ ಹೇಳಿದ್ದರು.

"ನೋಡಿ, ನಮ್ಮ ಭಾಷೇಲಿ ಐದಕ್ಕೆ ಬಾ, ಸೋಮವಾರಕ್ಕೆ ಬಾ, ಜುಲೈಗೆ ಬಾ. ಎಲ್ಲಕ್ಕೂ ಹಿಂದೆ ಒಂದೇ ಥರದ ಬಾಲ. ಇಂಗ್ಲಿಷ್‌ನವರು ಹಾಗಲ್ಲ, ಶಿಸ್ತಿನವರು. ಹೊತ್ತಿನ ಮುಂದೆ ಒಬ್ಬ ಕಾವಲುಗಾರನನ್ನ ನಿಲ್ಲಿಸ್ತಾರೆ. ಹೊತ್ತಿನ ಗಾತ್ರ ನೋಡಿ ಕಾವಲುಗಾರ ಬದಲಾಗ್ತಾನೆ. ಗಂಟೆ ಅಂದ್ರೆ ಚಮಚದಷ್ಟು ಕಾಲ, ಅದಕ್ಕೆ ಆಟ್. ದಿನ ಅಂದ್ರೆ ತಟ್ಟೆಯಷ್ಟು ಕಾಲ, ಅದಕ್ಕೆ ಆನ್. ತಿಂಗಳು, ವರ್ಷ ಅಂದ್ರೆ ಪಾತ್ರೆ ತುಂಬ ಕಾಲ, ಅದಕ್ಕೆ ಇನ್. ತಿಳೀತಾ?"

ಕಟಿಂಗ್ ಶಾಪಿನವನಿಗೆ ತಿಳಿಯಲಿಲ್ಲ. ದಿನವಿಡೀ ಕತ್ತರಿ ಹಿಡಿದು ಊರಿನವರ ತಲೆ ನೋಡಿದವನು, ಒಳಗೆ ಏನಿದೆ ಅಂತ ಕೇಳದೆ ಬಿಡುವವನಲ್ಲ.

"ಸಾರ್, ಬೆಳಗ್ಗೆಗೆ ಯಾವುದು?"

"ಇನ್ ದಿ ಮಾರ್ನಿಂಗ್. ಪಾತ್ರೆ."

"ಸಂಜೆಗೆ?"

"ಅದೂ ಪಾತ್ರೆಯೇ."

"ರಾತ್ರಿಗೆ?"

"ಆಟ್ ನೈಟ್."

"ಅಯ್ಯೋ! ಇರೋದ್ರಲ್ಲಿ ಉದ್ದ ಅಂದ್ರೆ ರಾತ್ರಿ. ಮೂರು ಮಕ್ಕಳ ಮನೆ ಸಾರ್ ನಂದು, ನನಗೆ ಗೊತ್ತು. ಅದನ್ನ ಹೋಗಿ ಚಮಚಕ್ಕೆ ತುಂಬಿದ್ರಲ್ಲ!"

ಬೆಂಚಿನ ತುದಿಯಲ್ಲಿ ಕೂತ ನರ್ಸಮ್ಮ ಬಾಯಿಗೆ ಪುಸ್ತಕ ಅಡ್ಡ ಹಿಡಿದು ನಕ್ಕಳು. ಮೇಷ್ಟ್ರು ಚಮಚವನ್ನು ಮೇಜಿಗೆ ಕುಟ್ಟಿ, "ಅದು ಹಾಗೇ. ಕೇಳಬಾರದು" ಎಂದರು.

ಆ ಮೇಜು ಮೇಜಲ್ಲ, ಅವರ ಹೆಂಡತಿಯ ಹೊಲಿಗೆ ಮಷಿನ್. ತಲೆಯನ್ನು ಒಳಕ್ಕೆ ಮಡಚಿ, ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣ, ಡಸ್ಟರ್, ಹಳೇ ಪ್ರಶ್ನೆಪತ್ರಿಕೆಯ ಕಟ್ಟು ಎಲ್ಲ ಪೇರಿಸಿ ಮೇಷ್ಟ್ರು ಅದನ್ನು ವಿದ್ಯೆಗೆ ಮುಡಿಪಾಗಿಟ್ಟಿದ್ದರು. ಮಗಳ ಬಟ್ಟೆ ಹರಿದರೆ ಅವಳು ಕೈಯಲ್ಲೇ ಹೊಲಿಯುತ್ತಿದ್ದಳು. ಎಂದಾದರೂ ಮಷಿನ್ ಕೇಳಿದರೆ, "ಈ ಬ್ಯಾಚ್ ಮುಗೀಲಿ" ಎನ್ನುವರು. ಬ್ಯಾಚುಗಳು ಒಂದರ ಬಾಲ ಒಂದು ಹಿಡಿದು ಬರುತ್ತಲೇ ಇದ್ದವು.

ಇಷ್ಟೆಲ್ಲ ಕಾವಲುಗಾರರನ್ನು ಇಟ್ಟುಕೊಂಡ ಮೇಷ್ಟ್ರ ಕೈಗೆ ಹೊತ್ತು ಮಾತ್ರ ಸಿಕ್ಕಿದ್ದಿಲ್ಲ. ಐದಕ್ಕೆ ಪಾಠ ಎಂದು ಬಾಗಿಲ ಮೇಲೆ ಬರೆಸಿದ್ದರು. ಐದಕ್ಕೆ ಬಂದವರು ಒಳಕೋಣೆಯಿಂದ ಬರುವ ಮೇಷ್ಟ್ರ ಗೊರಕೆ ಕೇಳುತ್ತ ಕೂರುತ್ತಿದ್ದರು. ಹೆಂಡತಿ ಟೀ ಕೊಟ್ಟು ಸಮಾಧಾನ ಮಾಡುವಳು. ಬಚ್ಚಲ ನಲ್ಲಿ ಸೋರುತ್ತಿದೆ ಅಂದರೆ "ಭಾನುವಾರ ನೋಡೋಣ" ಎನ್ನುವರು. ಯಾವ ಭಾನುವಾರ ಎಂದು ಅವರೂ ಹೇಳಲಿಲ್ಲ, ನಲ್ಲಿಯೂ ಕೇಳಲಿಲ್ಲ.

ರಾತ್ರಿಯನ್ನು ಚಮಚಕ್ಕೆ ತುಂಬಿದ ಆ ಸೋಮವಾರವೇ, ಪಾಠಕ್ಕೆ ಮುಂಚೆ ಹೀಗೇ ಎಲ್ಲರೂ ಕಾಯುತ್ತಿರುವಾಗ, ನರ್ಸಮ್ಮ ಟೀ ಲೋಟ ತೊಳೆದಿಡುವ ನೆಪದಲ್ಲಿ ಅಡುಗೆಮನೆಗೆ ಬಂದಳು.

"ಅಕ್ಕಾ, ನಮ್ಮ ಆಸ್ಪತ್ರೆ ಬಟ್ಟೆ ವಿಭಾಗದಲ್ಲಿ ಹೊಲಿಯೋರು ಒಬ್ರು ಬೇಕಂತೆ. ಹಾಸಿಗೆ ಬಟ್ಟೆ, ದಿಂಬಿನ ಚೀಲ, ಮಕ್ಕಳ ವಾರ್ಡಿನ ಗೌನು. ಅಲ್ಲಿ ನೋಡ್ಕೊಳ್ಳೋ ದೊಡ್ಡಕ್ಕನ ಹತ್ರ ನಿಮ್ಮ ಹೆಸರು ಹೇಳಿದೀನಿ. ಶುಕ್ರವಾರದೊಳಗೆ ಉತ್ತರ ಕೊಡಬೇಕು. ಆಮೇಲೆ ಬೇರೆಯವರನ್ನ ತಗೋತಾರೆ."

"ನನಗೆ ರೂಢಿ ತಪ್ಪಿಹೋಗಿದೆಯೇನೋ, ಎಷ್ಟು ವರ್ಷ ಆಯ್ತು."

"ಮಲಗಿರೋ ಮಗು ಹೊಲಿಗೆ ಸೊಟ್ಟ ಇದೆ ಅಂತ ದೂರು ಕೊಡುತ್ತಾ? ಹ್ಞೂಂ ಅನ್ನಿ ಅಕ್ಕಾ."

ಅವಳಿಗೆ ಹ್ಞೂಂ ಅನ್ನುವ ಆಸೆ ಗಂಟಲ ತನಕ ಬಂದಿತ್ತು. ಮದುವೆಗೆ ಮುಂಚೆ ಅವಳು ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಅಳತೆ ಪಟ್ಟಿ ಕೊರಳಲ್ಲಿ ನೇತುಹಾಕಿಕೊಂಡು ಓಡಾಡುವಾಗ ತಾನೂ ಒಬ್ಬಳು ಇದ್ದೇನೆ ಅನ್ನಿಸುತ್ತಿತ್ತು. ಈಗ ಇಡೀ ದಿನ ಮನೆಗೆಲಸ ಮಾಡಿಯೂ ಹಾಗೆ ಅನ್ನಿಸುತ್ತಿರಲಿಲ್ಲ. ಅದನ್ನು ಯಾರಿಗೆ, ಹೇಗೆ ಹೇಳುವುದು?

ರಾತ್ರಿ ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳಿದಳು.

"ರೀ, ಆಸ್ಪತ್ರೇಲಿ ಹೊಲಿಗೆ ಕೆಲಸ ಇದೆಯಂತೆ. ಹೋಗ್ಲಾ?"

"ನೋಡೋಣ," ಎಂದು ಅವರು ತಟ್ಟೆಯ ಕಡೆ ತಿರುಗಿದರು. "ಇವತ್ತು ಆ ಆಟ್ ನೈಟ್ ವಿಷಯಕ್ಕೆ ಆ ಕಟಿಂಗ್‌ನವನು ಎಷ್ಟು ಗೋಳು ಹುಯ್ಕೊಂಡ ಗೊತ್ತಾ?"

ಮಾರನೇ ದಿನ ಮತ್ತೆ ಕೇಳಿದಳು. "ಯೋಚಿಸ್ತಿದೀನಿ" ಎಂದರು. ಬುಧವಾರ ಕೇಳಿದಾಗ, "ಹೇಳ್ತೀನಿ ಇರು, ಏನು ಅವಸರ?" ಎಂದರು. ಬೇಡ ಎಂದು ಮಾತ್ರ ಹೇಳಲಿಲ್ಲ. ಕೆಟ್ಟ ಮನುಷ್ಯರೇನಲ್ಲ, ಕೈ ಎತ್ತಿದವರಲ್ಲ, ದನಿ ಏರಿಸಿದವರೂ ಅಲ್ಲ. ಬೇಡ ಎಂದಿದ್ದರೆ ಜಗಳ ಆಡಿ, ಅತ್ತು, ಒಂದು ಹೊತ್ತು ಊಟ ಬಿಟ್ಟು ಏನಾದರೂ ಮಾಡಬಹುದಿತ್ತು. ನೋಡೋಣ ಎನ್ನುವವರ ಜೊತೆ ಜಗಳಕ್ಕೆ ಹಿಡಿಯೇ ಸಿಗುವುದಿಲ್ಲ, ಎಣ್ಣೆ ಕೈಯಲ್ಲಿ ಸೋಪು ಹಿಡಿದ ಹಾಗೆ.

"ಅಪ್ಪ ಹ್ಞೂಂ ಅನ್ನೋ ಹೊತ್ತಿಗೆ ಆ ಮಕ್ಕಳು ದೊಡ್ಡೋರಾಗಿ ಪ್ಯಾಂಟ್ ಹಾಕಿರ್ತಾರೆ," ಎಂದಳು ಮಗಳು.

"ಸುಮ್ನಿರೇ, ಬಾಯಿ ಜೋರಾಯ್ತು ನಿಂದು," ಎಂದು ಗದರಿದಳು. ಆದರೆ ಮಗಳ ಜಡೆ ಹೆಣೆಯುತ್ತಿದ್ದ ಬೆರಳು ಅಲ್ಲೇ ನಿಂತುಬಿಟ್ಟಿತ್ತು.

ಶುಕ್ರವಾರ ಬಂತು. ಅಂದು ಮೇಷ್ಟ್ರು ಎಂದಿಗಿಂತ ಹುರುಪಾಗಿದ್ದರು. ಹೊಸ ಪಾಠ, ಹೊಸ ಸಾಮಾನು. ಅಡುಗೆಮನೆಗೆ ಬಂದು ಪಾತ್ರೆಯ ಮುಚ್ಚಳವನ್ನೂ ಹೊತ್ತುಕೊಂಡು ಹೋದರು. ಒಲೆಯ ಮೇಲೆ ಟೀಗೆ ನೀರು ಇಟ್ಟಿದ್ದ ಅವಳು ಮುಚ್ಚಳವನ್ನು ವಾಪಸ್ ಕೇಳೋಣ ಎಂದು ಕೈ ಒರೆಸಿಕೊಂಡು ಬಾಗಿಲ ತನಕ ಬಂದು ನಿಂತಳು.

"ಇವತ್ತು ಬೈ," ಎಂದರು ಮೇಷ್ಟ್ರು. "ಬೈ ಅಂದ್ರೆ ಗಡುವು. ಬೈ ಫ್ರೈಡೇ ಅಂದ್ರೆ ಶುಕ್ರವಾರದೊಳಗೆ, ಆ ದಿನ ಮುಗಿಯೋ ಮುಂಚೆ ಯಾವಾಗ ಆದ್ರೂ ಸರಿ. ಅದು ದಾಟಿತೋ, ಮುಗೀತು." ಮುಚ್ಚಳವನ್ನು ಎತ್ತಿ ಪಾತ್ರೆಯ ಮೇಲೆ ಧಡ್ ಎಂದು ಹಾಕಿದರು. ಬೆಂಚಿನ ಮೇಲಿದ್ದವರೆಲ್ಲ ಬೆಚ್ಚಿದರು. "ಬಿತ್ತು ಅಂದ್ರೆ ಬಿತ್ತು. ಆಮೇಲೆ ಬಂದು ಬಾಗಿಲು ತಟ್ಟಿದ್ರೆ ಯಾರೂ ತೆಗೆಯಲ್ಲ. ಹೊತ್ತಿಗೆ ಬೆಲೆ ಕೊಡೋ ಜನ ಅವರು. ಈಗ ಒಬ್ಬೊಬ್ರು ಒಂದೊಂದು ವಾಕ್ಯ ಹೇಳಿ. ನರ್ಸಮ್ಮ?"

ನರ್ಸಮ್ಮ ಎದ್ದು ನಿಂತಳು. ಬಾಗಿಲಲ್ಲಿ ನಿಂತವಳನ್ನು ಒಮ್ಮೆ ನೋಡಿ, ಪ್ರತಿ ಅಕ್ಷರ ಬಿಡಿಸಿ ಹೇಳಿದಳು:

"ಅಕ್ಕ ಮಸ್ಟ್ ಆನ್ಸರ್ ದಿ ಹಾಸ್ಪಿಟಲ್ ಬೈ ಫ್ರೈಡೇ."

"ಶಹಭಾಷ್!" ಮೇಷ್ಟ್ರ ಮುಖ ಅರಳಿತು. ತಕ್ಷಣ ಬೋರ್ಡಿನ ಕಡೆ ತಿರುಗಿ ದುಂಡಗಿನ ಅಕ್ಷರದಲ್ಲಿ ಪೂರಾ ಬರೆದರು. ಬೈ ಎನ್ನುವುದರ ಕೆಳಗೆ ಎರಡು ಗೆರೆ ಎಳೆದರು. ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. "ಅಕ್ಕ ಅನ್ನೋದು ಇಂಗ್ಲಿಷಲ್ಲ," ಎಂದು ಡಸ್ಟರ್‌ನಿಂದ ಅಕ್ಕನನ್ನು ಒರೆಸಿ ಅಲ್ಲಿ ಶೀ ಎಂದು ಬರೆದರು. "ಈಗ ಸರಿಯಾಯ್ತು. ಎಲ್ಲರೂ ಬರ್ಕೊಳ್ಳಿ."

ಯಾರೂ ಬರೆದುಕೊಳ್ಳಲಿಲ್ಲ. ಕಟಿಂಗ್ ಶಾಪಿನವನು ಪೆನ್ನಿನಿಂದ ಕಿವಿ ಕೆರೆದುಕೊಂಡು ಬಾಗಿಲ ಕಡೆ ನೋಡಿದ, ಬೋರ್ಡ್ ಕಡೆ ನೋಡಿದ. ಎಲ್ಲರಿಗೂ ಕೇಳಿಸಿದ್ದು ಮೇಷ್ಟ್ರಿಗೆ ಮಾತ್ರ ಕೇಳಿಸಿರಲಿಲ್ಲ. ಅವರಿಗೆ ಕೇಳಿಸಿದ್ದು ಬೈ ಒಂದೇ.

"ರೀ," ಎಂದಳು ಅವಳು.

"ಏನೇ? ಪಾಠದ ಮಧ್ಯೆ?"

"ಅಲ್ಲಿ ಬರೆದಿದೀರಲ್ಲ, ಅದು ನಂದೇ. ಇವತ್ತೇ ಶುಕ್ರವಾರ. ಏನು ಹೇಳ್ಲಿ ಅವರಿಗೆ?"

ಮೇಷ್ಟ್ರು ಬೋರ್ಡನ್ನು ಓದಿದರು. ಕಿವಿ ಕೆಂಪಾಯಿತು. ಆಮೇಲೆ ನಾಲಿಗೆ ತನ್ನ ಹಳೇ ದಾರಿ ಹಿಡಿಯಿತು.

"ಇಷ್ಟು ಜನರ ಮುಂದೆ ಮನೆ ಮಾತೇನು? ಆಮೇಲೆ ನೋಡೋಣ."

"ಸಾರ್," ಎಂದ ಕಟಿಂಗ್ ಶಾಪಿನವನು, ಬಹಳ ವಿನಯದಿಂದ. "ಆಮೇಲೆ ಅನ್ನೋದಕ್ಕೆ ಯಾವ ಪಾತ್ರೆ ಸಾರ್?"

ಈ ಸಲ ನರ್ಸಮ್ಮ ಪುಸ್ತಕ ಅಡ್ಡ ಹಿಡಿಯಲಿಲ್ಲ. ಬೆಂಚಿಗೆ ಬೆಂಚೇ ನಕ್ಕಿತು. ಅವಳಿಗೆ ನಗು ಬರಲಿಲ್ಲ. ಗಂಡನ ಮುಖ ನೋಡಿ ಅಯ್ಯೋ ಪಾಪ ಅನ್ನಿಸಿತು. ಅಯ್ಯೋ ಪಾಪ ಅನ್ನುತ್ತಲೇ ಚಪ್ಪಲಿ ಮೆಟ್ಟಿದಳು.

"ಒಲೆ ಮೇಲೆ ನೀರಿದೆ," ಎಂದು ಯಾರಿಗೆಂದಿಲ್ಲದೆ ಹೇಳಿ ಬೀದಿಗಿಳಿದಳು. ನರ್ಸಮ್ಮ ಪುಸ್ತಕ ಬ್ಯಾಗಿಗೆ ತುರುಕಿಕೊಂಡು ಹಿಂದೆಯೇ ಓಡಿದಳು.

ಬಟ್ಟೆ ವಿಭಾಗ ಆಸ್ಪತ್ರೆಯ ಹಿಂಬದಿಯಲ್ಲಿ, ಬಿಸಿನೀರಿನ ಕೊಳವೆಗಳ ಪಕ್ಕದಲ್ಲಿತ್ತು. ಒಗೆದ ಬಟ್ಟೆಯ ಬಿಸಿ ವಾಸನೆ. ಗೋಡೆಯುದ್ದಕ್ಕೂ ಮಡಚಿಟ್ಟ ಬಿಳಿ ಹಾಸುಗಳು. ದೊಡ್ಡಕ್ಕ ಎಂದು ಎಲ್ಲರೂ ಕರೆಯುವ ದಪ್ಪ ಕನ್ನಡಕದ ಹೆಂಗಸು ಬೀಗ ಹುಡುಕುತ್ತಿದ್ದವಳು ತಲೆ ಎತ್ತಿದಳು.

"ಬಂದ್ಯಾ ತಾಯಿ? ಮನೆಯವರು ಏನಂದ್ರು?"

"ಬೋರ್ಡ್ ಮೇಲೆ ಬರೆದಿದ್ದಾರೆ," ಎಂದಳು ಅವಳು.

ದೊಡ್ಡಕ್ಕನಿಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಅಂಚು ಬಿಚ್ಚಿದ ಚಿಕ್ಕ ಗೌನೊಂದನ್ನು ಮಷಿನ್ ಮೇಲೆ ಎಸೆದಳು. ಅವಳು ಕೂತು ಹಾಕಿದ ಮೊದಲ ಹೊಲಿಗೆ ಸೊಟ್ಟ ಹೋಯಿತು. ಬಿಚ್ಚಿದಳು. ಎರಡನೆಯ ಸಲ ಕಾಲು ತಾನಾಗಿಯೇ ಲಯ ಹಿಡಿಯಿತು, ಕೈ ಅದರ ಹಿಂದೆ ಹೋಯಿತು. ದೊಡ್ಡಕ್ಕ ಅಂಚನ್ನು ದೀಪಕ್ಕೆ ಹಿಡಿದು ನೋಡಿ, "ಸೋಮವಾರದಿಂದ ಬಾ," ಎಂದಳು.

ಮನೆಗೆ ಬಂದಾಗ ಪಾಠ ಮುಗಿದಿತ್ತು. ಮೇಷ್ಟ್ರು ಖಾಲಿ ಬೆಂಚಿನ ಮೇಲೆ ವಿದ್ಯಾರ್ಥಿಯಂತೆ ಕೂತಿದ್ದರು.

"ಒಂದು ಮಾತು ಕೇಳಿ ಹೋಗಬಾರದಿತ್ತಾ?" ಎಂದರು.

"ಸೋಮವಾರ ಕೇಳ್ದೆ. ಮಂಗಳವಾರ ಕೇಳ್ದೆ. ಬುಧವಾರಾನೂ ಕೇಳ್ದೆ. ನಿಮಗೆ ನನ್ನ ಮಾತು ಬೋರ್ಡ್ ಮೇಲೆ ಬಂದ್ಮೇಲೇ ಕಾಣಿಸಿದ್ದು."

ಅವರು ಬೋರ್ಡಿನ ಕಡೆ ನೋಡಿ ಕೇಳಿದರು, "ದಿನಾ ಎಷ್ಟಕ್ಕೆ ಬರೋದು?"

"ಆರು ದಾಟುತ್ತೆ."

"ಹಾಗಾದ್ರೆ ಅವರಿಗೆಲ್ಲ ಟೀ?"

ಒಳಗಿನಿಂದ ಮಗಳು ಕೂಗಿದಳು, "ಕಟಿಂಗ್ ಮಾಮ ಮಾಡಿದ್ರಲ್ಲ! ಅಮ್ಮಾ, ಅಪ್ಪ ಎರಡು ಲೋಟ ಕುಡಿದ್ರು. ನಿನ್ನ ಟೀಗಿಂತ ಚೆನ್ನಾಗಿದೆ ಅಂದ್ರು!"

ಇಡೀ ವಾರದಲ್ಲಿ ಆಗದಷ್ಟು ನೋವು ಅವಳಿಗೆ ಆ ಒಂದು ಮಾತಿಗೆ ಆಯಿತು. "ಸಕ್ಕರೆ ಸುರಿದಿರ್ತಾನೆ," ಎಂದು ಮೂಗು ಮುರಿದು ಬೆಂಚಿನ ಮೇಲೆ ಗಂಡನ ಪಕ್ಕ ಕೂತಳು. ಕಾಲು ನೋಯುತ್ತಿತ್ತು. ಏಳಲಿಲ್ಲ.

ಮೇಷ್ಟ್ರು ಸ್ವಲ್ಪ ಕಾದರು. ಅವಳು ಏಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಎದ್ದು, ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಒಂದೊಂದೇ ಡಬ್ಬಿ ತೆಗೆದು ಮುಚ್ಚುವ ಸದ್ದು ಕೇಳಿಸಿತು.

"ಇವಳೇ," ಎಂದು ಕರೆದರು. "ಅಕ್ಕಿ ಎಲ್ಲಿಡ್ತೀಯ?"

"ಕೆಳಗಿನ ದೊಡ್ಡ ಡಬ್ಬಿ. ಮೂರು ಲೋಟ. ಮೊದಲು ಪಾತ್ರೆ ತೊಳೀರಿ, ಸೀಮೆಸುಣ್ಣ ಇರುತ್ತೆ."