ಇಬ್ಬರು ಕೂಡುವಷ್ಟು

"ಎಲ್ಲಿ ತೋಡಬೇಕ್ರಿ ಯಕ್ಕಾ?" ಗುದ್ದಲಿ ಹಿಡಿದು ನಿಂತಿದ್ದ ಶಫಿ ಮತ್ತೆ ಕೇಳಿದ.

ಅಂಬಿಕಾ ನೆಲ ನೋಡುತ್ತ ಬಾಳೆತೋಟದ ಬದುವಿನಗುಂಟ ನಡೆಯುತ್ತಲೇ ಇದ್ದಳು. ಬೆಳಿಗ್ಗೆಯೇ ಕಲಬುರಗಿಯಿಂದ ಅವ್ವನ ಹೆಣ ಕಮಲಾಪುರಕ್ಕೆ ಬಂದಿತ್ತು. ಹಣೆತುಂಬ ವಿಭೂತಿ ಹಚ್ಚಿ, ಕೊರಳಿಗೆ ಚೆಂಡುಹೂವು ಹಾಕಿ, ಸೂಗಮ್ಮನನ್ನು ಮನೆಯ ಕಟ್ಟೆಯ ಮೇಲೆ ಕೂಡಿಸಿದ್ದರು. ಬದುಕಿದ್ದಾಗ ಆ ಕಟ್ಟೆಯ ಮೇಲೆ ಕೂಡು ಬಾ ಅಂತ ಒಬ್ಬರಾದರೂ ಕರೆದಿದ್ದರೆ ಕೇಳಿ.

ಮೊದಲ ಗಂಡ ಸತ್ತ ಮೇಲೆ ಉಡಿಕೆಯಾಗಿ, ಅಂದರೆ ಮರುಮದುವೆಯಾಗಿ, ಈ ಮನೆ ಹೊಕ್ಕವಳು ಆಕೆ. ಹಿರಿಯರನ್ನು ಕೂಡಿಸಿ ಹೂಳಿದ ಗದ್ದಿಗೆಗಳ ಸಾಲಿನಲ್ಲಿ ಉಡಿಕೆಯಾದವಳಿಗೆ ಜಾಗವಿಲ್ಲ ಎನ್ನುವುದು ಈ ಮನೆತನದವರ ಹಟ. ಸೂಗಮ್ಮನಿಗೂ ಆ ಸಾಲು ಬೇಕಿರಲಿಲ್ಲ. ಬೇಕಾಗಿದ್ದ ಜಾಗವೇ ಬೇರೆ.

*

ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿ, ಮಗಳು ಅಂಬಿಕಾಳ ಮನೆಯಲ್ಲಿ ಹಾಸಿಗೆ ಹಿಡಿದಾಗ ಸೂಗಮ್ಮ ಬಾಯಿಬಿಟ್ಟಿದ್ದಳು.

"ಬಸಲಿಂಗಮ್ಮ ಅಂತಿದ್ಳು, ನಿಮ್ಮಪ್ಪನ ಮುತ್ತಜ್ಜಿ. ನಮ್ಮ ಮಂದಿ ಬಂದಾಗ ಆ ಹೊಲ ಬರೇ ಮುಳ್ಳುಕಂಟಿ. ಅದನ್ನ ಕಡದು ಬಾಳಿ ಹಚ್ಚಿದಾಕಿ ಆಕೀನೆ. ಮನಿಯಾಗ ಆಕಿ ಹೆಸರು ಯಾರೂ ಎತ್ತಲ್ಲ. ಯಾಕಂದ್ರ ಆಕಿನೂ ನನ್ನಂಗ ಉಡಿಕಿ."

"ನಿನಗ ಯಾರು ಹೇಳಿದ್ರವ್ವ?"

"ನಮ್ಮತ್ತಿ, ಸಾಯೂ ಮುಂದ. ತೋಟದಾಗೇ ಎಲ್ಲೋ ಬ್ಯಾರೆ ಇಟ್ಟಾರಂತ ಆಕಿನ್ನ. ಹುಡುಕವ್ವ. ನನ್ನ ಆಕಿ ಬಾಜೂಕ ಕೂಡಿಸು. ಮಣ್ಣಾಗ ಒಬ್ಬಾಕೀನೇ ಕೂಡಾಕ ಅಂಜಿಕಿ ಬರ್ತದ."

ಅಂಬಿಕಾ ಕೇಳದವರಿಲ್ಲ. ನೆಹರು ಗಂಜಿನ ಪೇಟೆಯಲ್ಲಿ ದಲಾಲಿಯ ಅಡತಿ ಅಂಗಡಿ ಇಟ್ಟ ಬಳಗದವರು, ಊರ ಮುದುಕಿಯರು, ಎಲ್ಲರೂ ದೊಡ್ಡಪ್ಪ ಸಾಯಬಣ್ಣನ ಕಡೆ ಬೆರಳು ತೋರಿಸಿದರು. ಸಾಯಬಣ್ಣನದು ಒಂದೇ ಮಾತು: "ಸತ್ತವರ ಉಸಾಬರಿ ನಿನಗ್ಯಾಕ?"

*

ಆ ಸಾಯಬಣ್ಣನೇ ಈಗ ಕೋಲೂರುತ್ತ ಬಂದ.

"ಬಿಸಿಲು ಏರಾಕತ್ತದ. ಅಯ್ಯನೋರು ಕಾಯಾಕತ್ತಾರ."

"ಬಸಲಿಂಗಮ್ಮ ಎಲ್ಲಿದ್ದಾಳ ದೊಡ್ಡಪ್ಪ? ಇವತ್ತಾದ್ರೂ ಹೇಳು."

"ಗೊತ್ತಿಲ್ಲವ್ವ."

"ಸುಳ್ಳು."

ಮುದುಕ ಬದುವಿನ ಮೇಲೆ ಕುಸಿದು ಕೂತ. "ಗೊತ್ತಿತ್ತು. ನಮ್ಮಪ್ಪ ಹೊಲ ಮಟ್ಟ ಮಾಡಿಸಿದಾಗ ಆಕಿ ಗದ್ದಿಗಿ ಕಲ್ಲು ಕಿತ್ತಾಂವ ನಾನೇ. ಆಮ್ಯಾಲ ಎಷ್ಟು ಸಲ ನೇಗಿಲ ಹೊಡದೀವಿ, ಎಷ್ಟು ಬಾಳಿ ಹಚ್ಚೀವಿ. ಈಗ ಎಲ್ಲಿ ಅಂತ ತೋರಿಸ್ಲಿ? ನಿಮ್ಮವ್ವನೂ ಕೇಳಿದ್ಳು. ಹೇಳಾಕ ನನಗ ಮಾರಿ ಇರಲಿಲ್ಲ."

ಅವ್ವ ಕೇಳಿದ್ದು ಇದೊಂದೇ.

"ಇಡೀ ತೋಟದಾಗ ಅದಾಳಂತ ತಿಳಕೋ," ಅಂದ ಸಾಯಬಣ್ಣ ಮೆಲ್ಲಗೆ. "ಎಲ್ಲಿ ಕೂಡಿಸಿದ್ರೂ ಬಾಜೂಕೇ ಆಗ್ತದ."

ಅಂಬಿಕಾ ಅಲ್ಲೇ ಮಣ್ಣಿನಲ್ಲಿ ಕೂತು, ಮಂದಿ ನೋಡುತ್ತಾರೆನ್ನುವ ಖಬರೂ ಇಲ್ಲದೆ, ಹಾಡಾಡಿಕೊಂಡು ಅತ್ತಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಕೂತ ನೆಲವನ್ನೇ ಅಂಗೈಯಿಂದ ತಟ್ಟಿದಳು.

"ಇಲ್ಲೇ ತೋಡು ಶಫಿ. ಇಬ್ಬರು ಕೂಡುವಷ್ಟು ಅಗಲ ಇರಲಿ."

ಶಫಿ ಸಾಯಬಣ್ಣನ ಮುಖ ನೋಡಿದ. ಮುದುಕ ತಲೆ ಎತ್ತಲಿಲ್ಲ. ಗುದ್ದಲಿ ನೆಲಕ್ಕೆ ಬಿತ್ತು.

ಮಧ್ಯಾಹ್ನ ಸೂಗಮ್ಮನನ್ನು ಕುಣಿಯ ಒಂದು ಮಗ್ಗುಲಿಗೆ ಕೂಡಿಸಿದರು. ಅಯ್ಯನವರು ಮಂತ್ರ ಮುಗಿಸಿದ ಮೇಲೆ ಅಂಬಿಕಾ ಉಳಿದ ಬಿಲ್ವಪತ್ರೆಯನ್ನೆಲ್ಲ ಅವ್ವನ ಬಗಲಲ್ಲಿ ಬಸಲಿಂಗಮ್ಮನಿಗೆಂದು ಬಿಟ್ಟ ಖಾಲಿ ಜಾಗಕ್ಕೆ ಹಾಕಿದಳು. ಮೇಲಿದ್ದವರು ಬುಟ್ಟಿಯಲ್ಲಿ ಮಣ್ಣು ಹಾಕತೊಡಗಿದರು. ಸೂಗಮ್ಮನ ಮೇಲೆ ಇನ್ನೂ ಒಂದು ಹೆಂಟೆಯೂ ಬಿದ್ದಿರಲಿಲ್ಲ. ಮೊದಲ ಬುಟ್ಟಿಯ ಮಣ್ಣೆಲ್ಲ ಯಾರೂ ಇಲ್ಲದ ಆ ಜಾಗಕ್ಕೇ ಸುರಿಯಿತು.